ನಾನೂರನೆಯ ಬೆಕ್ಕು

ವಿಷವೈದ್ಯವನ್ನು ಕುರಿತು ಕನ್ನಡದಲ್ಲಿ ಒಂದು ಹಳೆಯ ಗ್ರಂಥವುಂಟು. ಹದಿನಾಲ್ಕನೆಯ ಶತಮಾನದ ಮಂಗರಾಜನು ರಚಿಸಿದ 'ಖಗೇಂದ್ರಮಣಿದರ್ಪಣ'ವೇ ಅದು. ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆಲ್ಲ ಅದರ ಹೆಸರು ಗೊತ್ತು. ಹಾಳೆ ತಿರುವಿ ನೋಡಿದವರು ಕಡಮೆ. ಪರೀಕ್ಷೆಗೆ ಬೇಕಾದ ಎರಡು ಸಾಲು ಟಿಪ್ಪಣಿ ಬರೆಯಿಸಿ ನಾನೂ ಎಷ್ಟೋ ವರ್ಷ ಅದನ್ನು ದಾಟಿ ಮುಂದಕ್ಕೆ ಹೋಗಿದ್ದೇನೆ. ನಮ್ಮ ಪ್ರಾಚೀನರು ವಿಷವನ್ನು ಸ್ಥಾವರವೆಂದೂ ಜಂಗಮವೆಂದೂ ಎರಡಾಗಿ ವಿಂಗಡಿಸಿದರು. ಬೇರು, ತೊಗಟೆ, ಗಿಡದ ಹಾಲು, ಖನಿಜ ಇವುಗಳಲ್ಲಿರುವುದು ಸ್ಥಾವರ ವಿಷ. ಹಾವು ಚೇಳುಗಳಲ್ಲಿರುವುದು ಜಂಗಮ ವಿಷ. ಒಂದು ಇದ್ದಲ್ಲಿಯೇ ಇರುತ್ತದೆ, ನಾವಾಗಿ ಮುಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನೊಂದು ನಡೆದು ಬಂದು ನಮ್ಮನ್ನು ಮುಟ್ಟುತ್ತದೆ. ಈ ವಿಂಗಡಣೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಇದರಲ್ಲಿ ಸಂದೇಹ ಪಡುವುದಕ್ಕೆ ಎಡೆಯೇ ಇಲ್ಲವೆಂದು ನಾನು ನಂಬಿದ್ದೆ.

ವಿಷವನ್ನು ಪತ್ತೆ ಮಾಡುವ ಬಗೆಯನ್ನೂ ಅವರು ಯೋಚಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಮನೆಯ ರಕ್ಷಣೆಯ ಪ್ರಸ್ತಾಪ ಬರುವಲ್ಲಿ, ವಿಷವು ಹತ್ತಿರವಿದ್ದರೆ ಕ್ರೌಂಚಕ್ಕೆ ಮದವೇರುತ್ತದೆ, ಕೋಗಿಲೆ ಸಾಯುತ್ತದೆ, ಚಕೋರದ ಕಣ್ಣು ಬಣ್ಣಗೆಡುತ್ತದೆ ಎಂದು ಹೇಳಿದೆ. ಇದು ಪಕ್ಷಿಶಾಸ್ತ್ರಜ್ಞರು ಒಪ್ಪುವ ಮಾತೋ ಅಲ್ಲವೋ ಅದಿರಲಿ. ಅದರ ಒಳಗಿರುವ ವಿವೇಕ ಮಾತ್ರ ಸರಳವಾದದ್ದು. ಹಕ್ಕಿ ತಲ್ಲಣಿಸಿದರೆ ಅರಸನ ಮುಂದಿನ ತಟ್ಟೆಯನ್ನು ಆಚೆಗೆ ಸರಿಸುತ್ತಿದ್ದರು. ಆ ತಟ್ಟೆಯಲ್ಲಿರುವುದು ಯಾವ ವಿಷ, ಅದರ ಹೆಸರೇನು, ಎಷ್ಟು ತೂಕ, ತಟ್ಟೆಯಲ್ಲಿರುವ ಅನ್ನವೆಲ್ಲ ವಿಷವೋ ಅಥವಾ ಒಂದು ಮಗ್ಗುಲು ಮಾತ್ರವೋ ಎಂಬ ವಿಚಾರಣೆ ಆಮೇಲಿನದು.

ಇಪ್ಪತ್ತನೆಯ ಶತಮಾನದ ನಡುವೆ, ವಿಜ್ಞಾನದಲ್ಲಿ ನಮಗಿಂತ ಎಷ್ಟೋ ಮುಂದಿದ್ದ ಜಪಾನ್ ದೇಶದಲ್ಲಿ, ಈ ಕ್ರಮ ತಲೆಕೆಳಗಾಯಿತು. ಅಲ್ಲಿ ತಲ್ಲಣಿಸಿದ್ದು ಚಕೋರವಲ್ಲ, ಮೀನುಗಾರರ ಮನೆಯ ಬೆಕ್ಕು. ಬೆಕ್ಕು ನಡುಗಿತು, ಸತ್ತಿತು. ತಟ್ಟೆಯನ್ನು ಮಾತ್ರ ಯಾರೂ ಸರಿಸಲಿಲ್ಲ.

ಜಪಾನಿನ ದಕ್ಷಿಣದ ದೊಡ್ಡ ದ್ವೀಪ ಕ್ಯೂಷೂ. ಅದರ ಪಶ್ಚಿಮ ತೀರದಲ್ಲಿ, ಎದುರಿಗೆ ದ್ವೀಪಗಳು ಅಡ್ಡಗಟ್ಟಿ ನಿಂತಿರುವುದರಿಂದ ಕೆರೆಯಂತೆ ಶಾಂತವಾಗಿರುವ ಶಿರಾನುಯಿ ಎಂಬ ಕಡಲಿದೆ. ಅದರ ದಡದಲ್ಲಿ, ಕುಮಮೊಟೊ ಪ್ರಾಂತಕ್ಕೆ ಸೇರಿದ ಮಿನಮಾಟಾ ಎಂಬ ಊರು. ಮೀನು ಹಿಡಿಯುವವರೂ ಒಂದಿಷ್ಟು ಬೇಸಾಯಗಾರರೂ ಇದ್ದ ಈ ಊರಿಗೆ ೧೯೦೮ರಲ್ಲಿ ನೊಗುಚಿ ಎಂಬ ಉದ್ಯಮಿಯ ಕಾರ್ಖಾನೆ ಬಂತು. ಗೊಬ್ಬರದ ತಯಾರಿಕೆಯಿಂದ ಪ್ರಾರಂಭವಾದ್ದರಿಂದ ಅದಕ್ಕೆ 'ಚಿಸ್ಸೊ', ಎಂದರೆ ಸಾರಜನಕ, ಎಂಬ ಹೆಸರು ನಿಂತಿತು. ಹಿಂದಿನ ಕಾಲದ ಜಪಾನಿನಲ್ಲಿ ಪಾಳೆಯಗಾರನ ಕೋಟೆಯ ಸುತ್ತ ಬೆಳೆದ ಪೇಟೆಗಳಿದ್ದವಷ್ಟೆ. ಮಿನಮಾಟಾ ಹಾಗೆಯೇ ಚಿಸ್ಸೊ ಕೋಟೆಯ ಪೇಟೆಯಾಯಿತು. ಕಾರ್ಖಾನೆಯಲ್ಲಿ ಮಗನಿಗೆ ಕೆಲಸ ಸಿಕ್ಕಿತೆಂದರೆ ಮನೆ ಉದ್ಧಾರವಾಯಿತೆಂದು ಲೆಕ್ಕ. ಊರಿನ ತೆರಿಗೆಯ ಬಹುಭಾಗ ಅಲ್ಲಿಂದಲೇ ಬರುತ್ತಿತ್ತು. ಊರಿನ ದೊಡ್ಡ ಆಸ್ಪತ್ರೆಯೂ ಅದರದೇ.

೧೯೩೨ರಲ್ಲಿ ಈ ಕಾರ್ಖಾನೆ ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನು ತಯಾರಿಸತೊಡಗಿತು. ಅಸಿಟಿಕ್ ಆಮ್ಲಕ್ಕೂ ಮುಂದೆ ಪ್ಲಾಸ್ಟಿಕ್ಕಿನ ಕೈಗಾರಿಕೆಗೂ ಬೇಕಾದ ಮೂಲದ್ರವ್ಯ ಇದು. ಗಂಧಕಾಮ್ಲ ಬೆರೆಸಿದ ನೀರಿನೊಳಕ್ಕೆ ಅಸಿಟಿಲೀನ್ ಅನಿಲವನ್ನು ಹಾಯಿಸಿ ಇದನ್ನು ಪಡೆಯುತ್ತಿದ್ದರು. ಕ್ರಿಯೆ ಚುರುಕಾಗಿ ನಡೆಯಲೆಂದು ಪಾದರಸದ ಲವಣವನ್ನು ಸೇರಿಸುತ್ತಿದ್ದರು. ಕೆಲಸ ಮುಗಿದ ನೀರು ಹ್ಯಾಕ್ಕೆನ್ ಎಂಬ ಬಂದರಿನ ಮೋರಿಯ ಮೂಲಕ ಮಿನಮಾಟಾ ಕೊಲ್ಲಿಗೆ ಹೋಗುತ್ತಿತ್ತು. ಕಾರ್ಖಾನೆಯ ಕೊಳೆಯಿಂದ ಮೀನು ಕೆಡುತ್ತದೆ ಎಂಬ ದೂರು ಆಗಲೇ ಹಳೆಯದಾಗಿತ್ತು. ೧೯೨೬ರಲ್ಲಿ ಒಮ್ಮೆ, ೧೯೪೩ರಲ್ಲಿ ಇನ್ನೊಮ್ಮೆ ಮೀನುಗಾರರ ಸಂಘಕ್ಕೆ ಹಣ ಕೊಟ್ಟು, ಇನ್ನು ಮುಂದೆ ತಕರಾರು ಮಾಡುವುದಿಲ್ಲವೆಂದು ಬರೆಯಿಸಿಕೊಂಡಿದ್ದರು. ಯುದ್ಧ ಮುಗಿದ ಮೇಲೆ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಏರಿತು.

ಮೊದಲು ಸಾಕ್ಷಿ ಹೇಳಿದವು ಮೂಕಪ್ರಾಣಿಗಳು. ೧೯೫೦ರ ದಶಕದ ಮೊದಲ ವರ್ಷಗಳಲ್ಲಿ ಕೊಲ್ಲಿಯ ನೀರಿನ ಮೇಲೆ ಮೀನುಗಳು ತೇಲತೊಡಗಿದವು. ಹಾರುತ್ತಿದ್ದ ಕಾಗೆಗಳು ದಿಕ್ಕು ತಪ್ಪಿ ಕೆಳಗೆ ಬಿದ್ದವು. ದಡದ ಹಳ್ಳಿಗಳ ಬೆಕ್ಕುಗಳಿಗೆ ವಿಚಿತ್ರವಾದ ಕಾಯಿಲೆ ಬಂತು. ತೂರಾಡಿಕೊಂಡು ನಡೆಯುವುವು, ಇದ್ದಕ್ಕಿದ್ದಂತೆ ಸುತ್ತುಸುತ್ತಾಗಿ ಓಡುವುವು, ಗೋಡೆಗೆ ಹಾಯುವುವು, ನೀರಿಗೆ ಬಿದ್ದು ಸಾಯುವುವು. ಜನರು ಅದಕ್ಕೆ ಬೆಕ್ಕು ಕುಣಿಯುವ ರೋಗವೆಂದು ಹೆಸರಿಟ್ಟರು. ೧೯೫೪ರ ಆಗಸ್ಟಿನಲ್ಲಿ ಕುಮಮೊಟೊದ ದಿನಪತ್ರಿಕೆಯೊಂದರಲ್ಲಿ ಮೊದೊ ಎಂಬ ಹಳ್ಳಿಯಿಂದ ಬಂದ ಸಣ್ಣ ಸುದ್ದಿ ಅಚ್ಚಾಯಿತು. ಹಳ್ಳಿಯ ಬೆಕ್ಕುಗಳು ಬಹುಮಟ್ಟಿಗೆ ಎಲ್ಲವೂ ಸತ್ತುಹೋಗಿವೆ, ಇಲಿಗಳು ವಿಪರೀತವಾಗಿವೆ, ನಗರಸಭೆಯವರು ಇಲಿಗಳ ನಾಶಕ್ಕೆ ಏರ್ಪಾಡು ಮಾಡಬೇಕು ಎಂಬುದು ಅದರ ತಾತ್ಪರ್ಯ. ಬೆಕ್ಕು ಏಕೆ ಸತ್ತಿತೆಂದು ಯಾರೂ ಕೇಳಲಿಲ್ಲವೆಂದು ಈಗ ಕುಳಿತು ಆಕ್ಷೇಪಿಸುವುದು ಸುಲಭ. ಮನೆಯಲ್ಲಿ ಇಲಿ ಹೆಚ್ಚಿದರೆ ನಾವಾದರೂ ಇಲಿಯ ಮಾತನ್ನೇ ಆಡುತ್ತೇವೆ. ಆದರೂ ಆ ಸುದ್ದಿಯನ್ನು ಓದುವಾಗ ಎದೆ ಹಿಂಡಿದಂತಾಗುತ್ತದೆ. ಬೆಕ್ಕು ತಿಂದ ಮೀನು, ಆ ಮನೆಯ ಮಕ್ಕಳು ತಿಂದು ಬಿಟ್ಟ ಮೀನು.

೧೯೫೬ರ ಏಪ್ರಿಲ್ ೨೧ರಂದು ಕಾರ್ಖಾನೆಯ ಆಸ್ಪತ್ರೆಗೆ ಐದು ವರ್ಷದ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಬಂದರು. ನಡೆಯಲು ಆಗದು, ಮಾತು ತೊದಲುತ್ತದೆ, ಕೈಕಾಲು ಸೆಟೆಯುತ್ತವೆ. ಕೆಲವು ದಿನಗಳಲ್ಲಿ ಅವಳ ತಂಗಿಗೂ, ಎರಡು ವರ್ಷದ ಮಗು, ಅದೇ ಸ್ಥಿತಿ. ಅಕ್ಕಪಕ್ಕದ ಮನೆಗಳಲ್ಲಿಯೂ ಇಂಥವರಿರುವರೆಂದು ತಾಯಿಯ ಮಾತಿನಿಂದ ತಿಳಿಯಿತು. ಆಸ್ಪತ್ರೆಯ ಮುಖ್ಯಸ್ಥರು ಹೊಸೊಕಾವಾ ಹಾಜಿಮೆ ಎಂಬ ವೈದ್ಯರು. ಮೇ ೧ರಂದು ಅವರ ಆಸ್ಪತ್ರೆಯಿಂದ ಸರ್ಕಾರದ ಆರೋಗ್ಯ ಕೇಂದ್ರಕ್ಕೆ ವರದಿ ಹೋಯಿತು: ಕಾರಣ ತಿಳಿಯದ ನರಮಂಡಲದ ವ್ಯಾಧಿ. ಮಿನಮಾಟಾ ರೋಗದ ಹುಟ್ಟಿದ ದಿನವೆಂದು ಚರಿತ್ರೆಯಲ್ಲಿ ಈ ದಿನವನ್ನೇ ಹಿಡಿಯುತ್ತಾರೆ. ಕೈಬೆರಳುಗಳೂ ತುಟಿಯ ಸುತ್ತಲೂ ಜೋಮು ಹಿಡಿಯುವುದು, ದೃಷ್ಟಿ ಕೊಳವೆಯೊಳಗಿಂದ ನೋಡಿದಂತೆ ಕಿರಿದಾಗುವುದು, ಕಿವಿ ಮಂದವಾಗುವುದು, ನಡೆ ತೂರಾಡುವುದು, ಕೊನೆಗೆ ಸೆಳವು, ಪ್ರಜ್ಞೆ ತಪ್ಪುವುದು, ಮರಣ. ಮೊದಮೊದಲು ಇದನ್ನು ಅಂಟುರೋಗವೆಂದು ಬಗೆದು ರೋಗಿಗಳನ್ನು ಬೇರೆ ಇಟ್ಟರು, ಅವರ ಮನೆಗಳಿಗೆ ಔಷಧ ಸಿಂಪಡಿಸಿದರು. ಅಂಗಡಿಯವರು ಆ ಮನೆಗಳವರ ಕೈಯಿಂದ ದುಡ್ಡು ಮುಟ್ಟಲಿಲ್ಲ. ರೋಗಕ್ಕಿಂತ ಹೆಚ್ಚು ಕಾಲ ಬಾಳಿದ್ದು ಈ ಬಹಿಷ್ಕಾರವೇ.

ಕುಮಮೊಟೊ ವಿಶ್ವವಿದ್ಯಾಲಯದ ವೈದ್ಯರು ಆಗಸ್ಟಿನಲ್ಲಿ ಕೆಲಸಕ್ಕೆ ಕೈಹಾಕಿ ನವೆಂಬರಿನ ಹೊತ್ತಿಗೆ ಎರಡು ಮಾತು ಹೇಳಿದರು. ಇದು ಅಂಟುರೋಗವಲ್ಲ, ಕೊಲ್ಲಿಯ ಮೀನು ಮತ್ತು ಚಿಪ್ಪುಮೀನುಗಳ ಮೂಲಕ ಮೈಸೇರುವ ಯಾವುದೋ ಭಾರಲೋಹದ ವಿಷ. ಯಾವ ಲೋಹವೆಂಬುದು ಗೊತ್ತಾಗಲಿಲ್ಲ. ಮ್ಯಾಂಗನೀಸ್ ಎಂದರು, ಸೆಲೆನಿಯಂ ಎಂದರು, ಥ್ಯಾಲಿಯಂ ಎಂದರು. ಕಾರ್ಖಾನೆಯ ಮೋರಿಯಲ್ಲಿ ಇವೆಲ್ಲವೂ ಇದ್ದವು. ಒಳಗೆ ಏನೇನು ಬಳಸುತ್ತಾರೆಂಬುದನ್ನು ಹೇಳುವವರಿರಲಿಲ್ಲ. ಈ ನಡುವೆ ಮಿನಮಾಟಾ ಆರೋಗ್ಯ ಕೇಂದ್ರದ ಮುಖ್ಯಸ್ಥರಾದ ಇಟೊ ಹಸುಓ ಅವರು ೧೯೫೭ರ ವಸಂತದಲ್ಲಿ, ಪಂಡಿತರು ಮಾಡದ ಸರಳವಾದ ಕೆಲಸವೊಂದನ್ನು ಮಾಡಿದರು. ಆರೋಗ್ಯವಾಗಿದ್ದ ಬೆಕ್ಕುಗಳನ್ನು ತಂದು ಕೊಲ್ಲಿಯ ಮೀನನ್ನು ತಿನ್ನಿಸಿದರು. ಬಹುಕಾಲ ಹಿಡಿಯಲಿಲ್ಲ, ಬೆಕ್ಕುಗಳು ಕುಣಿದವು.

ನನ್ನ ಮಟ್ಟಿಗೆ ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ವಿಷದ ಹೆಸರು ಗೊತ್ತಿಲ್ಲದಿದ್ದರೇನು, ತಟ್ಟೆ ಯಾವುದೆಂದು ಗೊತ್ತಾಯಿತಲ್ಲ! ಪ್ರಾಂತ ಸರ್ಕಾರದವರಿಗೂ ಹಾಗೆಯೇ ತೋರಿರಬೇಕು. ಆಹಾರ ನೈರ್ಮಲ್ಯದ ಕಾನೂನನ್ನು ಪ್ರಯೋಗಿಸಿ ಈ ಕೊಲ್ಲಿಯ ಮೀನನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಬಹುದೇ ಎಂದು ಅವರು ಟೋಕಿಯೋದ ಆರೋಗ್ಯ ಸಚಿವಾಲಯವನ್ನು ಕೇಳಿದರು. ೧೯೫೭ರ ಸೆಪ್ಟೆಂಬರ್ ೧೧ರಂದು ಉತ್ತರ ಬಂತು. ಮಿನಮಾಟಾ ಕೊಲ್ಲಿಯ ಮೀನು ಚಿಪ್ಪುಮೀನುಗಳೆಲ್ಲವೂ ವಿಷಪೂರಿತವಾಗಿವೆ ಎಂಬುದಕ್ಕೆ ಸ್ಪಷ್ಟವಾದ ಆಧಾರವಿಲ್ಲದ ಕಾರಣ ಕಾನೂನನ್ನು ಅನ್ವಯಿಸಲಾಗದು ಎಂಬುದು ಅದರ ಸಾರಾಂಶ.

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವವನು ನಾನು. 'ಎಲ್ಲ' ಎಂಬ ಸರ್ವನಾಮವನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ಅದು ಇಷ್ಟು ಕ್ರೂರವಾಗಬಲ್ಲದೆಂದು ಈ ಪತ್ರವನ್ನು ಕುರಿತು ಓದುವವರೆಗೆ ನನಗೆ ತಿಳಿದಿರಲಿಲ್ಲ. ಕೊಲ್ಲಿಯ ಎಲ್ಲ ಮೀನನ್ನೂ ಪರೀಕ್ಷಿಸುವುದು ಯಾರಿಂದ ಸಾಧ್ಯ? ಹಿಡಿದು ಪರೀಕ್ಷಿಸಿದ ಮೇಲೆ ಕೊಲ್ಲಿಯಲ್ಲಿ ಉಳಿಯುವ ಮೀನಾದರೂ ಯಾವುದು? ಬಾವಿಯ ನೀರೆಲ್ಲ ಕೆಟ್ಟಿದೆಯೆಂದು ಸಾಧಿಸುವವರೆಗೆ ಕುಡಿಯುತ್ತಿರಿ ಎಂದಂತಾಯಿತು. ಅಧಿಕಾರಿಗಳು ಸುಳ್ಳು ಹೇಳಲಿಲ್ಲ. ಆ ವಾಕ್ಯ ಅಕ್ಷರಶಃ ಸತ್ಯ. ಮೀನು ಹಿಡಿಯುವುದನ್ನು ನೀವಾಗಿಯೇ ನಿಲ್ಲಿಸಿರೆಂದು ಬೆಸ್ತರಿಗೆ ಬುದ್ಧಿ ಹೇಳಿದರು. ನಿಷೇಧವಿಲ್ಲದ್ದರಿಂದ ಪರಿಹಾರವೂ ಇಲ್ಲ. ಅನ್ನಕ್ಕೆ ಬೇರೆ ದಾರಿಯೂ ಇಲ್ಲ. ಬಡವರು ತಿನ್ನುತ್ತಲೇ ಇದ್ದರು.

೧೯೫೮ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯವರು ಮೋರಿಯ ದಿಕ್ಕನ್ನು ಬದಲಾಯಿಸಿದರು. ಕೊಲ್ಲಿಯ ಬದಲು ಮಿನಮಾಟಾ ನದಿಯ ಮುಖಕ್ಕೆ, ತೆರೆದ ಕಡಲಿನ ಕಡೆಗೆ, ಬಿಟ್ಟರು. ಹೆಚ್ಚು ನೀರಿನಲ್ಲಿ ಬೆರೆತರೆ ವಿಷ ತೆಳುವಾಗಿ ನಿರಪಾಯವಾಗುತ್ತದೆ ಎಂಬುದು ಆ ಕಾಲದಲ್ಲಿ ಎಲ್ಲ ದೇಶಗಳ ಎಂಜಿನಿಯರುಗಳ ನಂಬಿಕೆ. ಕೆಲವು ತಿಂಗಳಲ್ಲಿ ನದೀಮುಖದ ಹಳ್ಳಿಗಳಲ್ಲಿ, ಅದುವರೆಗೆ ರೋಗವಿಲ್ಲದಿದ್ದ ಮನೆಗಳಲ್ಲಿ, ಹೊಸ ರೋಗಿಗಳು ಕಾಣಿಸಿಕೊಂಡರು. ಪ್ರಯೋಗಾಲಯದಲ್ಲಿ ಯಾರೂ ಮಾಡಲು ಧೈರ್ಯಪಡದ ಪ್ರಯೋಗವಿದು. ಮೋರಿಯನ್ನು ಸರಿಸಿದರೆ ರೋಗವೂ ಸರಿಯುತ್ತದೆ ಎಂಬುದು ಮನುಷ್ಯರ ಮೇಲೆಯೇ ಸಿದ್ಧವಾಯಿತು.

ಪಾದರಸದ ಸುಳಿವು ಸಿಕ್ಕಿದ್ದು ದೂರದ ಇಂಗ್ಲೆಂಡಿನಿಂದ. ಬೀಜಗಳಿಗೆ ಹಾಕುವ ಔಷಧವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ ಮೀಥೈಲ್ ಪಾದರಸದ ಸೋಂಕಿನಿಂದ ನಾಲ್ವರು ಕೆಲಸಗಾರರು ರೋಗಗ್ರಸ್ತರಾದ ವೃತ್ತಾಂತವನ್ನು ಹಂಟರ್ ಮತ್ತು ಸಂಗಡಿಗರು ೧೯೪೦ರಲ್ಲಿ ಪ್ರಕಟಿಸಿದ್ದರು. ಅವರಲ್ಲೊಬ್ಬನು ಸತ್ತ ಮೇಲೆ ಅವನ ಮೆದುಳಿನ ಪರೀಕ್ಷೆಯ ವಿವರ ೧೯೫೪ರಲ್ಲಿ ಬಂದಿತು. ೧೯೫೮ರಲ್ಲಿ ಮಿನಮಾಟಾಕ್ಕೆ ಬಂದ ಮ್ಯಾಕಾಲ್ಪೈನ್ ಎಂಬ ಇಂಗ್ಲಿಷ್ ನರತಜ್ಞರು ಈ ಹೋಲಿಕೆಯನ್ನು ಸೂಚಿಸಿದರು. ಕುಮಮೊಟೊದ ತಾಕೆಉಚಿ ಅವರು ಸತ್ತವರ ಮೆದುಳಿನಲ್ಲಿ ಅದೇ ಗಾಯಗಳನ್ನು ಕಂಡರು. ಮೋರಿಯ ಬಾಯಿಯ ಕೆಸರನ್ನು ತೂಗಿ ನೋಡಿದಾಗ ಒಂದು ಟನ್ನಿಗೆ ಸುಮಾರು ಎರಡು ಕಿಲೋಗ್ರಾಂ ಪಾದರಸ ಸಿಕ್ಕಿತು. ಅಷ್ಟು ಪಾದರಸವನ್ನು ಗಣಿಯಿಂದ ತೆಗೆದರೂ ಲಾಭವೇ! ರೋಗಿಯೊಬ್ಬರ ಕೂದಲಿನಲ್ಲಿ ಹತ್ತು ಲಕ್ಷಕ್ಕೆ ೭೦೫ ಭಾಗ ಪಾದರಸವಿತ್ತು. ದೂರದ ಜನರಲ್ಲಿ ಅದು ೪ರ ಆಸುಪಾಸಿನಲ್ಲಿತ್ತು. ೧೯೫೯ರ ಜುಲೈ ೨೨ರಂದು ವಿಶ್ವವಿದ್ಯಾಲಯವು ರೋಗಕ್ಕೆ ಸೇಂದ್ರಿಯ ಪಾದರಸವೇ ಕಾರಣವೆಂದು ಸಾರಿತು.

ಕಾರ್ಖಾನೆಯ ಉತ್ತರವೂ ಜಾಣತನದ್ದೇ. ನಾವು ಬಳಸುವುದು ನಿರಿಂದ್ರಿಯ ಪಾದರಸ, ಅದು ಸೇಂದ್ರಿಯವಾದದ್ದು ಹೇಗೆ? ಪ್ರಪಂಚದಲ್ಲಿ ಇಂಥ ಕಾರ್ಖಾನೆಗಳು ಎಷ್ಟೋ ಇವೆ, ಅಲ್ಲೆಲ್ಲಿಯೂ ಇಲ್ಲದ ರೋಗ ಇಲ್ಲೇಕೆ? ರಸಾಯನ ಉದ್ಯಮದ ಸಂಘದವರೊಬ್ಬರು, ಯುದ್ಧದ ಕೊನೆಯಲ್ಲಿ ಸೈನ್ಯದವರು ಕೊಲ್ಲಿಗೆ ಎಸೆದ ಸಿಡಿಮದ್ದೇ ಕಾರಣವೆಂದರು. ಹುಡುಕಿದರೆ ಸಿಡಿಮದ್ದು ಇರಲಿಲ್ಲ. ಟೋಕಿಯೋದ ಪ್ರಾಧ್ಯಾಪಕರೊಬ್ಬರು ಕೊಳೆತ ಮೀನಿನ ವಿಷವೆಂದರು. ಹಿಡಿದ ಮೀನನ್ನು ಜೀವವಿರುವಾಗಲೇ ಅಡಿಗೆಗೆ ಹಾಕುವ ಬೆಸ್ತರಿಗೆ ಈ ಮಾತನ್ನು ಹೇಳುವುದಕ್ಕೆ ವಿದ್ವತ್ತೇ ಬೇಕು.

ಇದೇ ಜುಲೈ ತಿಂಗಳಲ್ಲಿ, ಕಾರ್ಖಾನೆಯ ಆವರಣದೊಳಗೇ, ಹೊಸೊಕಾವಾ ಅವರು ತಮ್ಮದೊಂದು ಪರೀಕ್ಷೆಯನ್ನು ಪ್ರಾರಂಭಿಸಿದ್ದರು. ರೋಗವನ್ನು ಮೊದಲು ವರದಿ ಮಾಡಿದ ವೈದ್ಯರು ಅವರೇ. ಸಂಬಳ ಕೊಡುತ್ತಿದ್ದುದು ಕಾರ್ಖಾನೆ. ಮೊದಲಿನಿಂದಲೂ ಬೆಕ್ಕುಗಳ ಮೇಲೆ ಒಂದೊಂದು ವಸ್ತುವನ್ನೂ ಪ್ರಯೋಗಿಸಿ ನೋಡುತ್ತಿದ್ದ ಅವರು ಈಗ ನೇರವಾಗಿ ಮೋರಿಗೆ ಹೋದರು. ಅಸಿಟಾಲ್ಡಿಹೈಡ್ ವಿಭಾಗದಿಂದ ಹೊರಬರುವ ನೀರನ್ನು, ಕಡಲನ್ನು ಮುಟ್ಟುವ ಮೊದಲೇ ಹಿಡಿದು, ದಿನಕ್ಕೆ ೨೦ ಸಿ.ಸಿ.ಯಂತೆ ಒಂದು ಬೆಕ್ಕಿನ ಆಹಾರದ ಮೇಲೆ ಸುರಿದರು. ಪ್ರಯೋಗದ ಪುಸ್ತಕದಲ್ಲಿ ಆ ಬೆಕ್ಕಿನ ಅಂಕೆ ೪೦೦.

ಈ ಪರೀಕ್ಷೆಯ ಸೊಗಸನ್ನು ಗಮನಿಸಬೇಕು. ಇಟೊ ಅವರ ಬೆಕ್ಕು ಮೀನನ್ನು ತಿಂದಿತು; ಮೀನಿಗೆ ಎಲ್ಲಿಂದ ಬಂತೆಂದು ಯಾರಾದರೂ ವಾದಿಸಬಹುದು. ವಿಶ್ವವಿದ್ಯಾಲಯದವರು ಕೆಸರನ್ನೂ ಕೂದಲನ್ನೂ ತೂಗಿದರು. ಕೆಸರಿನ ಪಾದರಸವೂ ಕೂದಲಿನ ಪಾದರಸವೂ ಒಂದೇ ಎಂಬುದನ್ನು ತೋರಿಸಿ ಎನ್ನಬಹುದು. ಹೊಸೊಕಾವಾ ಅವರ ಬೆಕ್ಕಿಗೂ ಕಾರ್ಖಾನೆಗೂ ನಡುವೆ ಕಡಲೂ ಇಲ್ಲ, ಮೀನೂ ಇಲ್ಲ. ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು. ಅಕ್ಟೋಬರಿನ ಮೊದಲ ವಾರದಲ್ಲಿ ಆ ಬೆಕ್ಕು ನಡುಗಿತು, ತೂರಾಡಿತು, ಜೊಲ್ಲು ಸುರಿಸಿ ಸುತ್ತಲೂ ಓಡಿತು. ೨೪ರಂದು ಅದನ್ನು ಕೊಂದು ಅಂಗಗಳನ್ನು ಕ್ಯೂಷೂ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ರೋಗಿಗಳ ಮೆದುಳಿನಲ್ಲಿ ಯಾವ ಕಣಗಳು ನಾಶವಾಗಿದ್ದವೋ ಬೆಕ್ಕಿನ ಮೆದುಳಿನಲ್ಲಿಯೂ ಅವೇ ನಾಶವಾಗಿದ್ದವು.

ಹೊಸೊಕಾವಾ ಅವರು ಫಲಿತಾಂಶವನ್ನು ಮೇಲಿನವರಿಗೆ ತಿಳಿಸಿದರು. ಒಂದು ಬೆಕ್ಕಿನಿಂದ ಏನೂ ಸಿದ್ಧವಾಗದು ಎಂದರು ಮೇಲಿನವರು. ವಿಜ್ಞಾನದ ದೃಷ್ಟಿಯಿಂದ ಅದೂ ಸರಿಯಾದ ಮಾತೇ. ಹಾಗಾದರೆ ಇನ್ನೂ ಹತ್ತು ಬೆಕ್ಕುಗಳ ಮೇಲೆ ನೋಡೋಣವೆಂದರೆ, ಆ ನೀರನ್ನು ಕೊಡುವುದಿಲ್ಲವೆಂದರು. ಒಂದರ ಸಾಕ್ಷ್ಯ ಸಾಲದು, ಎರಡನೆಯದಕ್ಕೆ ಅಪ್ಪಣೆಯಿಲ್ಲ! ಟಿಪ್ಪಣಿಗಳು ಕಾರ್ಖಾನೆಯ ಗೋಡೆಯೊಳಗೇ ಉಳಿದವು. ಮರುವರ್ಷ ಪ್ರಯೋಗವನ್ನು ಮತ್ತೆ ನಡೆಸಲು ಅವಕಾಶ ಸಿಕ್ಕಿತು, ಬೆಕ್ಕುಗಳು ಮತ್ತೆ ಅದೇ ಉತ್ತರವನ್ನು ಕೊಟ್ಟವು, ಅದೂ ಹೊರಗೆ ಬರಲಿಲ್ಲ. ೧೯೬೨ರಲ್ಲಿ ಹೊಸೊಕಾವಾ ಅವರು ನಿವೃತ್ತರಾಗಿ ಊರು ಬಿಟ್ಟರು.

ಆ ಬೆಕ್ಕು ಸತ್ತ ಮೇಲಿನ ಎರಡು ತಿಂಗಳನ್ನು ತಾರೀಖು ಹಿಡಿದು ನೋಡಬೇಕು. ನವೆಂಬರ್ ೨ರಂದು ರೊಚ್ಚಿಗೆದ್ದ ಬೆಸ್ತರು ಕಾರ್ಖಾನೆಗೆ ನುಗ್ಗಿದರು. ೧೨ರಂದು ಆರೋಗ್ಯ ಸಚಿವಾಲಯದ ತಜ್ಞರ ಸಮಿತಿ ಸೇಂದ್ರಿಯ ಪಾದರಸವೇ ಕಾರಣವೆಂದು ವರದಿ ಕೊಟ್ಟಿತು. ಮರುದಿನವೇ ಆ ವಿಷಯದ ಉಪಸಮಿತಿಯನ್ನು ವಿಸರ್ಜಿಸಿದರು. ಡಿಸೆಂಬರ್ ೨೪ರಂದು ಕೊಳೆನೀರನ್ನು ತಿಳಿಗೊಳಿಸುವ ಹೊಸ ಯಂತ್ರದ ಉದ್ಘಾಟನೆ ನಡೆಯಿತು. ಕಂಪೆನಿಯ ಅಧ್ಯಕ್ಷರು ನೆರೆದವರ ಎದುರಿನಲ್ಲಿ ಒಂದು ಲೋಟ ನೀರನ್ನು ಕುಡಿದು ತೋರಿಸಿದರು. ಸೇಂದ್ರಿಯ ಪಾದರಸವನ್ನು ತೆಗೆಯುವ ಉದ್ದೇಶದಿಂದ ಆ ಯಂತ್ರವನ್ನು ಕಟ್ಟಿರಲೇ ಇಲ್ಲವೆಂಬುದು ಮುಂದೆ ನ್ಯಾಯಾಲಯದಲ್ಲಿ ತಿಳಿಯಿತು. ಡಿಸೆಂಬರ್ ೩೦ರಂದು ರೋಗಿಗಳೊಡನೆ ಒಪ್ಪಂದವಾಯಿತು. ಬದುಕಿರುವ ದೊಡ್ಡವರಿಗೆ ವರ್ಷಕ್ಕೆ ಒಂದು ಲಕ್ಷ ಯೆನ್, ಮಕ್ಕಳಿಗೆ ಮೂವತ್ತು ಸಾವಿರ, ಸತ್ತವರಿಗೆ ಮೂರು ಲಕ್ಷ. ಈ ಹಣವನ್ನು ಪರಿಹಾರವೆಂದು ಕರೆಯಲಿಲ್ಲ. ಜಪಾನೀ ಭಾಷೆಯಲ್ಲಿ 'ಮಿಮಾಯ್‌ಕಿನ್' ಎಂದರು. ಕಾಯಿಲೆಯಾದವರನ್ನು ನೋಡಲು ಹೋಗುವಾಗ ಕೈಯಲ್ಲಿ ಒಯ್ಯುವ ಕಾಣಿಕೆಗೆ ಆ ಹೆಸರು. ಮುಂದೆ ಕಾರ್ಖಾನೆಯ ಕೊಳೆನೀರೇ ರೋಗಕ್ಕೆ ಕಾರಣವೆಂದು ತೀರ್ಮಾನವಾದರೂ ಹೆಚ್ಚಿನ ಹಣವನ್ನು ಕೇಳತಕ್ಕದ್ದಲ್ಲ ಎಂಬ ಷರತ್ತು ಆ ಪತ್ರದಲ್ಲಿತ್ತು. ಬರೆಯಿಸಿಕೊಂಡವರಿಗೆ ನಾನೂರನೆಯ ಬೆಕ್ಕಿನ ವಿಷಯ ಗೊತ್ತಿತ್ತು. ಹೆಬ್ಬೆಟ್ಟು ಒತ್ತಿದವರಿಗೆ ಗೊತ್ತಿರಲಿಲ್ಲ.

ನಿರಿಂದ್ರಿಯ ಪಾದರಸ ಸೇಂದ್ರಿಯವಾದದ್ದು ಹೇಗೆಂಬ ಒಗಟನ್ನೂ ಕುಮಮೊಟೊದವರೇ ಒಡೆದರು. ಇರುಕಾಯಾಮಾ ಅವರು ೧೯೬೨ರಲ್ಲಿ ಅಸಿಟಾಲ್ಡಿಹೈಡ್ ವಿಭಾಗದ ಕೆಸರಿನಿಂದಲೇ ಮೀಥೈಲ್ ಪಾದರಸವನ್ನು ಬೇರ್ಪಡಿಸಿ ತೋರಿಸಿದರು. ಅದು ಕಡಲಿಗೆ ಬಂದ ಮೇಲೆ ಆದ ಮಾರ್ಪಾಡಲ್ಲ. ಪಾತ್ರೆಯೊಳಗೇ ಹುಟ್ಟಿ ಹೊರಗೆ ಬರುತ್ತಿತ್ತು. ಮುಂದಿನ ದಾರಿ ಈಗ ಶಾಲೆಯ ಮಕ್ಕಳಿಗೂ ಗೊತ್ತಿರುವಂಥದು. ಕಡಲ ನೀರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ನೀರಿನ ಸೂಕ್ಷ್ಮ ಸಸ್ಯಗಳು ಅದನ್ನು ಹೀರುತ್ತವೆ, ಅವನ್ನು ತಿನ್ನುವ ಹುಳುಗಳಲ್ಲಿ ಅದು ಹೆಚ್ಚುತ್ತದೆ, ಹುಳುಗಳನ್ನು ತಿನ್ನುವ ಸಣ್ಣ ಮೀನಿನಲ್ಲಿ ಇನ್ನೂ ಹೆಚ್ಚುತ್ತದೆ, ಸಣ್ಣದನ್ನು ನುಂಗುವ ದೊಡ್ಡ ಮೀನಿನಲ್ಲಿ ಮತ್ತೂ ಹೆಚ್ಚುತ್ತದೆ. ನೀರು ತೆಳುವಾಗಿಸಿದ್ದನ್ನು ಜೀವ ಮತ್ತೆ ಗಟ್ಟಿಯಾಗಿಸುತ್ತದೆ. ಗಣಿಯಲ್ಲಿ ಬಿದ್ದಿದ್ದ ಸ್ಥಾವರ ವಿಷ ಹೀಗೆ ಈಜಲು ಕಲಿತು, ಬೆಸ್ತನ ಬಲೆಯಲ್ಲಿ ಮನೆಗೆ ನಡೆದು ಬಂತು. ನಮ್ಮ ಹಿರಿಯರ ಆ ಎರಡು ಖಾನೆಗಳ ನಡುವಿನ ಗೋಡೆ ನನ್ನ ಮನಸ್ಸಿನಲ್ಲಿ ಕುಸಿದದ್ದು ಇಲ್ಲಿ.

ಇನ್ನೊಂದು ಗೋಡೆಯೂ ಕುಸಿಯಿತು. ತಾಯಿಯ ಮೈಯಲ್ಲಿರುವ ವಿಷವನ್ನು ಮಾಸು ತಡೆದು ಗರ್ಭದ ಶಿಶುವನ್ನು ಕಾಯುತ್ತದೆ ಎಂಬುದು ಅಂದಿನ ವೈದ್ಯರ ನಂಬಿಕೆ. ಮಿನಮಾಟಾದಲ್ಲಿ ಹುಟ್ಟಿನಿಂದಲೇ ಕತ್ತು ನಿಲ್ಲದ, ಮಾತು ಬಾರದ ಮಕ್ಕಳಿದ್ದರು. ಮೀನನ್ನೇ ತಿಂದಿಲ್ಲದ ಶಿಶುಗಳಾದ್ದರಿಂದ ಅವರದು ಬೇರೆ ಕಾಯಿಲೆಯೆಂದು ಬರೆದಿದ್ದರು. ಹರಾದಾ ಮಸಾಝುಮಿ ಎಂಬ ತರುಣ ವೈದ್ಯರು ಮನೆ ಮನೆಗೆ ಹೋಗಿ ಆ ಮಕ್ಕಳನ್ನೂ ತಾಯಂದಿರನ್ನೂ ನೋಡಿದರು. ಹೊಟ್ಟೆಯಲ್ಲಿದ್ದ ಮಗು ವಿಷವನ್ನು ತಾನು ಎಳೆದುಕೊಂಡು ತಾಯಿಯನ್ನು ಉಳಿಸಿತೆಂದು ತಾಯಂದಿರು ಮೊದಲೇ ಬಗೆದಿದ್ದರು. ೧೯೬೨ರ ಕೊನೆಯಲ್ಲಿ ವೈದ್ಯಶಾಸ್ತ್ರವೂ ಅದನ್ನು ಒಪ್ಪಿತು.

ಒಪ್ಪಿದ್ದರೂ ಮೋರಿ ನಿಲ್ಲಲಿಲ್ಲ. ೧೯೬೫ರಲ್ಲಿ ಜಪಾನಿನ ಇನ್ನೊಂದು ಮೂಲೆಯಲ್ಲಿ, ನೀಗತಾ ಪ್ರಾಂತದ ಅಗಾನೊ ನದಿಯ ದಡದಲ್ಲಿ, ಬೇರೊಂದು ಕಂಪೆನಿಯ ಅಂಥದೇ ಕಾರ್ಖಾನೆಯಿಂದ ಅದೇ ರೋಗ ಬಂತು. ನಾನೂರನೆಯ ಬೆಕ್ಕಿನ ಮಾತು ೧೯೫೯ರಲ್ಲಿಯೇ ಹೊರಬಿದ್ದಿದ್ದರೆ ಅಗಾನೊ ನದಿಯ ಜನ ಉಳಿಯುತ್ತಿದ್ದರೆಂಬುದು ನನ್ನ ದೃಢವಾದ ಅಭಿಪ್ರಾಯ. ಮಿನಮಾಟಾದಲ್ಲಿ ಅಸಿಟಾಲ್ಡಿಹೈಡಿನ ತಯಾರಿಕೆ ೧೯೬೮ರ ಮೇ ತಿಂಗಳಲ್ಲಿ ನಿಂತಿತು. ಅದನ್ನು ತಯಾರಿಸುವ ಅಗ್ಗದ ವಿಧಾನ ಬಂದು ಹಳೆಯದು ಬೇಡವಾಗಿತ್ತು. ಅದು ನಿಂತ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್ ೨೬ರಂದು, ಕಾರ್ಖಾನೆಯ ಮೀಥೈಲ್ ಪಾದರಸವೇ ರೋಗಕ್ಕೆ ಕಾರಣವೆಂದು ಸರ್ಕಾರ ಘೋಷಿಸಿತು.

ಸಾಹಿತ್ಯದವರು ಒಂದು ಹೆಸರನ್ನು ಇಲ್ಲಿ ನೆನೆಯಬೇಕು. ಮಿನಮಾಟಾದಲ್ಲಿಯೇ ಬಾಳಿದ ಗೃಹಿಣಿ ಇಶಿಮುರೆ ಮಿಚಿಕೊ ಅವರು ರೋಗಿಗಳ ಹಾಸಿಗೆಯ ಬಳಿ ಕುಳಿತು, ಬೆಸ್ತರ ಆಡುಮಾತಿನಲ್ಲಿಯೇ ಅವರ ಬಾಳನ್ನು ಬರೆದರು. 'ಕುಗಾಯ್ ಜೋದೊ' ಎಂಬ ಆ ಪುಸ್ತಕ ೧೯೬೯ರಲ್ಲಿ ಬಂತು. ಪಂಡಿತರ ಅಂಕೆಗಳು ಮಾಡದ ಕೆಲಸವನ್ನು ಅದು ಮಾಡಿತು; ದೇಶ ಮಿನಮಾಟಾದ ಕಡೆಗೆ ತಿರುಗಿತು.

ಅದೇ ವರ್ಷ ರೋಗಿಗಳ ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ೧೯೭೦ರ ಜುಲೈ ೪ರಂದು ನ್ಯಾಯಾಧೀಶರು ಟೋಕಿಯೋದ ಆಸ್ಪತ್ರೆಯೊಂದಕ್ಕೆ ಬಂದರು. ಹಾಸಿಗೆಯ ಮೇಲೆ ಶ್ವಾಸಕೋಶದ ಕ್ಯಾನ್ಸರಿನಿಂದ ಬಳಲುತ್ತಿದ್ದ ಹೊಸೊಕಾವಾ ಅವರು ಮಲಗಿದ್ದರು. ಹನ್ನೊಂದು ವರ್ಷದ ಹಿಂದಿನ ಬೆಕ್ಕಿನ ಕಥೆಯನ್ನು ಅವರು ಆ ದಿನ ಪ್ರಮಾಣಪೂರ್ವಕವಾಗಿ ಹೇಳಿದರು. ಅಕ್ಟೋಬರ್ ೧೩ರಂದು ತೀರಿಕೊಂಡರು.

ಈ ಮನುಷ್ಯನನ್ನು ಹೇಗೆ ತೂಗಬೇಕೆಂಬುದು ನನಗೆ ಬಹಳ ದಿನ ಬಗೆಹರಿಯಲಿಲ್ಲ. ರೋಗವನ್ನು ಮೊದಲು ಲೋಕಕ್ಕೆ ತಿಳಿಸಿದವರು ಅವರು. ಯಾರೂ ಹೇಳದೆಯೇ ಬೆಕ್ಕಿನ ಪರೀಕ್ಷೆಗೆ ಕೈಹಾಕಿದವರೂ ಅವರೇ. ತನ್ನನ್ನು ಸಾಕಿದ ಮನೆಯ ಮೇಲೆಯೇ ಅನುಮಾನಪಡುವ ಪ್ರಾಮಾಣಿಕತೆ ಅವರಲ್ಲಿತ್ತು. ಅನುಮಾನ ನಿಜವಾದ ಮೇಲೆ ಬಾಯಿ ತೆರೆಯುವ ಧೈರ್ಯ ಮಾತ್ರ ಇರಲಿಲ್ಲ. ಆಡಳಿತದವರು ಬೇಡವೆಂದದ್ದನ್ನು ಮೀರಿ ಮಾತನಾಡಿದರೆ ಏನಾಗುತ್ತದೆಂಬ ಲೆಕ್ಕವನ್ನು ನಾನೂ ಉದ್ಯೋಗದಲ್ಲಿ ಒಂದೆರಡು ಸಲ ಹಾಕಿ ಸುಮ್ಮನಾಗಿದ್ದೇನೆ. ನನ್ನ ಮೌನದಿಂದ ಯಾರ ಕೈಕಾಲೂ ಸೆಟೆಯಲಿಲ್ಲ, ಅಷ್ಟೇ ವ್ಯತ್ಯಾಸ. ಅದರಿಂದ ಅವರನ್ನು ಹಳಿಯಲು ನನಗೆ ನಾಲಗೆ ಏಳದು. ಆದರೆ ಆ ಹನ್ನೊಂದು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನು ನೆನೆದರೆ ಅವರನ್ನು ಹೊಗಳಲೂ ಆಗದು.

೧೯೭೩ರ ಮಾರ್ಚ್ ೨೦ರಂದು ಕುಮಮೊಟೊ ನ್ಯಾಯಾಲಯ ಕಂಪೆನಿಯದು ತಪ್ಪೆಂದು ತೀರ್ಪಿತ್ತು, ಕಾಣಿಕೆಯ ಒಪ್ಪಂದವನ್ನು ಧರ್ಮಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಕೊಳೆನೀರನ್ನು ಹೊರಗೆ ಬಿಡುವ ಮೊದಲೇ ಅದರ ಅಪಾಯವನ್ನು ಪರೀಕ್ಷಿಸುವ ಹೊಣೆ ಕಾರ್ಖಾನೆಯದೆಂದು ಹೇಳಿತು. ವಿಷವೆಂದು ಸಾಧಿಸುವ ಭಾರ ಅದುವರೆಗೆ ಬೆಸ್ತರ ಮೇಲಿತ್ತು.

ಇಂದು ಹೊಸ ರಾಸಾಯನಿಕವೊಂದನ್ನು ಮಾರುಕಟ್ಟೆಗೆ ತರುವವರು ಅನೇಕ ದೇಶಗಳಲ್ಲಿ ನೀರಿನ ಮೂರು ಜೀವಿಗಳ ಎದುರು ಅದನ್ನು ಒಡ್ಡಬೇಕು. ಪಾಚಿಯ ಬೆಳವಣಿಗೆಯನ್ನು ೭೨ ಗಂಟೆ, ಡಾಫ್ನಿಯಾ ಎಂಬ ನೀರುಚಿಗಟವನ್ನು ೪೮ ಗಂಟೆ, ಮೀನನ್ನು ೯೬ ಗಂಟೆ ನೋಡುತ್ತಾರೆ. ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಪ್ರಮಾಣವೆಷ್ಟೋ ಅದನ್ನೇ ಆ ವಿಷದ ಅಳತೆಗೋಲಾಗಿ ಹಿಡಿಯುತ್ತಾರೆ. ಇಷ್ಟೇ ಆಗಿದ್ದರೆ ಮಿನಮಾಟಾದ ವಿಷ ಸುಲಭವಾಗಿ ತಪ್ಪಿಸಿಕೊಳ್ಳುತ್ತಿತ್ತು. ನಾಲ್ಕು ದಿನದಲ್ಲಿ ಸಾಯದೆ, ಆರೋಗ್ಯವಾಗಿಯೇ ಈಜುತ್ತ, ವಿಷವನ್ನು ಹೊತ್ತು ತಿರುಗಿದ ಮೀನೇ ಅಲ್ಲಿ ಜನರನ್ನು ಕೊಂದದ್ದು. ಆದ್ದರಿಂದಲೇ ಆ ವಸ್ತು ಪರಿಸರದಲ್ಲಿ ಎಷ್ಟು ಕಾಲ ಉಳಿಯುತ್ತದೆ, ಮೀನಿನ ಮೈಯಲ್ಲಿ ಕೂಡಿಕೊಳ್ಳುತ್ತದೆಯೇ ಎಂಬ ಎರಡು ಪ್ರಶ್ನೆಗಳು ಪರೀಕ್ಷೆಯಲ್ಲಿ ಸೇರಿವೆ. ಪಾದರಸದ ಬಳಕೆಯನ್ನು ಕಟ್ಟಿಹಾಕಲು ೨೦೧೩ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ಮಿನಮಾಟಾದ ಹೆಸರನ್ನೇ ಇಟ್ಟರು. ಭಾರತ ಅದನ್ನು ೨೦೧೮ರಲ್ಲಿ ಅಂಗೀಕರಿಸಿತು. ಕೊಲ್ಲಿಯ ಕೆಸರನ್ನು ೧೯೭೭ರಿಂದ ೧೯೯೦ರವರೆಗೆ ಬಗೆದು, ಕೊಲ್ಲಿಯ ಒಂದು ಭಾಗವನ್ನೇ ತುಂಬಿ ನೆಲ ಮಾಡಿದರು. ವಿಷದ ಮೀನು ಹೊರಗೆ ಹೋಗದಂತೆ ೧೯೭೪ರಲ್ಲಿ ಕಟ್ಟಿದ ಬಲೆಯನ್ನು ೧೯೯೭ರಲ್ಲಿ ತೆಗೆದರು.

ಹರಾದಾ ಅವರು ಮಾಡಿದ ಇನ್ನೊಂದು ಕೆಲಸವನ್ನು ಹೇಳಬೇಕು. ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ನಮ್ಮಲ್ಲಿ ಕೆಲವೆಡೆ ತಾಯಿತದಲ್ಲಿ ಹಾಕಿ ಕಟ್ಟುವಂತೆ, ಜಪಾನಿನಲ್ಲಿ ಅದನ್ನು ಚಿಕ್ಕ ಮರದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಹುಟ್ಟಿದ ದಿನವನ್ನು ಬರೆದು, ಜೋಪಾನ ಮಾಡುವ ಪದ್ಧತಿಯಿದೆ. ಮಿನಮಾಟಾದ ತಾಯಂದಿರೂ ಇಟ್ಟಿದ್ದರು. ಹರಾದಾ ಮತ್ತು ಅವರ ಸಂಗಡಿಗರು ಆ ಪೆಟ್ಟಿಗೆಗಳನ್ನು ಬೇಡಿ ತಂದು ಒಳಗಿನ ಮೀಥೈಲ್ ಪಾದರಸವನ್ನು ಅಳೆದು ೧೯೭೫ರಲ್ಲಿ ಪ್ರಕಟಿಸಿದರು. ಹುಟ್ಟಿದ ವರ್ಷದ ಕ್ರಮದಲ್ಲಿ ಜೋಡಿಸಿ ನೋಡಿದಾಗ, ಕಾರ್ಖಾನೆಯಲ್ಲಿ ಅಸಿಟಾಲ್ಡಿಹೈಡಿನ ತಯಾರಿಕೆ ಏರಿದ ವರ್ಷಗಳಲ್ಲಿ ಅದೂ ಏರಿತ್ತು. ತಯಾರಿಕೆ ಇಳಿದ ವರ್ಷಗಳಲ್ಲಿ ಇಳಿದಿತ್ತು.